ಅವ್ವನ ಗಂಟೆಯ ಕ್ರಿಸ್ಟಲ್

ಹೋದ ವಾರ ಎದುರುಮನೆಯ ಕಾಕು ಬಂದು ನನ್ನ ಕೈಯಲ್ಲಿ ಒಂದು ಕಡ್ಡಿಪೆಟ್ಟಿಗೆ ಇಟ್ಟರು. ಅದಕ್ಕೆ ಬಿಳಿ ನೂಲು ಸುತ್ತಿತ್ತು, ನೂಲಿಗೆ ನೇಕಾರರ ಗಂಟು ಬಿದ್ದಿತ್ತು. "ಅಂಗಡಿ ಹಲಗಿ ಝಾಡಿಸಾಕತ್ತಿದ್ದೆ. ಮ್ಯಾಲೆ ವೈನಿಯವರ ಗಂಟಿ ಅಂತ ಬರದೈತಂತ, ಮೊಮ್ಮಗಳು ಓದಿ ಹೇಳಿದ್ಲು. ನಿಮ್ಮವ್ವಂದಽ ಇರಬೇಕು, ಇಟಗೋ" ಎಂದು ಹೇಳಿ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆಂದು ತಿರುಗಿ ಹೋದರು.

ನೂಲು ಬಿಚ್ಚಿ ಪೆಟ್ಟಿಗೆ ಎಳೆದಾಗ ಮೊದಲು ಬಂದದ್ದು ವಾಸನೆ. ಬೆಸುಗೆ ಹಾಕುವಾಗ ಸುಡುವ ರಾಳದ ವಾಸನೆ. ಲೋಬಾನದ ಹಾಗೆಯೇ, ಆದರೆ ಕೊನೆಯಲ್ಲಿ ಸ್ವಲ್ಪ ಕಹಿ... ಅಷ್ಟು ಸಣ್ಣ ಪೆಟ್ಟಿಗೆಯಲ್ಲಿ ಅದು ಇಷ್ಟು ವರ್ಷ ಹೇಗೆ ಕೂತಿತ್ತೋ ಗೊತ್ತಿಲ್ಲ. ಒಳಗೆ ಹುಣಸೆಬೀಜದಷ್ಟು ದೊಡ್ಡ ಬೆಳ್ಳಗಿನ ಲೋಹದ ತುಂಡು ಒಂದಿತ್ತು. ಅದಕ್ಕೆ ಎರಡು ತೆಳ್ಳನೆಯ ಕಾಲು. ಕಾಲಿನ ಬುಡದಲ್ಲಿ ಜಂಗು ಹಿಡಿದಂಥ ಕಂದು ಕಲೆ. ಕೆಳಗೆ ನಾಲ್ಕು ಮಡಿಕೆಯ ಚೀಟಿ.

ಆ ಚೀಟಿಯಲ್ಲಿ ಏನಿತ್ತೆಂಬುದನ್ನು ಅದರ ಜಾಗ ಬಂದಾಗ ಹೇಳುತ್ತೇನೆ. ಅದಕ್ಕೂ ಮೊದಲು ಅದನ್ನು ಬರೆದವರ ಬಗ್ಗೆ ಹೇಳಬೇಕು.

ಬೆಟಗೇರಿಯ ನಮ್ಮ ಓಣಿಯಲ್ಲಿ ಅವರನ್ನು ಎಲ್ಲರೂ ರೇಡಿಯೋ ಕಾಕಾ ಎನ್ನುತ್ತಿದ್ದರು. ನನಗೆ ಬರೀ ಕಾಕಾ, ಅವರ ಹೆಂಡತಿ ಕಾಕು. ಓಣಿಯ ಎಲ್ಲ ಮನೆಗಳಂತೆ ಅವರ ಮನೆಯಲ್ಲೂ ಮೊದಲು ಕುಣಿಮಗ್ಗವಿತ್ತು. ಅವರ ತಂದೆ ತೀರಿದ ಮೇಲೆ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದರು, ನೇಯುವವರು ಕಾಲು ಇಳಿಬಿಡುವ ಕುಣಿಯನ್ನು ಮಾತ್ರ ಮುಚ್ಚಲಿಲ್ಲ. ಅದರ ಮೇಲೆ ಒಂದು ಗಿಡ್ಡ ಮೇಜು ಇಟ್ಟುಕೊಂಡು, ಅಂಚಿಗೆ ಕೂತು, ಕಾಲು ಕುಣಿಯಲ್ಲಿ ಇಳಿಬಿಟ್ಟು ರೇಡಿಯೋ, ಟಿವಿ, ಮೈಕು ರಿಪೇರಿ ಮಾಡುತ್ತಿದ್ದರು. "ಖುರ್ಚಿ ಮ್ಯಾಲೆ ಕುಂತ್ರ ಕೈ ಓಡೂದಿಲ್ಲ ನನಗ, ಕಾಲಿಗೆ ಕುಣಿ ಬೇಕು" ಎನ್ನುತ್ತಿದ್ದರು. ಟಿವಿ ತಂದ ಪರವೂರಿನವರು ಅವರು ನೆಲದಿಂದಲೇ ಎದ್ದು ಬರುವುದನ್ನು ನೋಡಿ ನಗುತ್ತಿದ್ದರು.

ಅವರ ಇನ್ನೊಂದು ರೂಢಿ ಕಡ್ಡಿಪೆಟ್ಟಿಗೆಗಳು. ಕೆಟ್ಟ ಭಾಗ ತೆಗೆದರೆ ಅದನ್ನು ಒಗೆಯುತ್ತಿರಲಿಲ್ಲ. ಖಾಲಿ ಕಡ್ಡಿಪೆಟ್ಟಿಗೆಯಲ್ಲಿ ಹಾಕಿ, ಜೊತೆಗೆ ಒಂದು ಚೀಟಿ ಇಡುತ್ತಿದ್ದರು. ಯಾವ ಊರು, ಯಾವ ವಸ್ತು, ಏನು ತಪ್ಪು. ಅವರ ತಂದೆ ಮಗ್ಗಕ್ಕೆ ಏರಿಸುವ ಪ್ರತಿ ಹಾಸಿನ ನಾಲ್ಕೆಳೆ ನೂಲಿಗೆ ಚೀಟಿ ಕಟ್ಟಿ ಗೂಟಕ್ಕೆ ಹಾಕುತ್ತಿದ್ದರಂತೆ, ಬಣ್ಣ ಬಿಟ್ಟರೆ ಯಾವ ನೂಲೆಂದು ತಿಳಿಯಲಿ ಎಂದು. ಇವರದೂ ಅದೇ. ಗೋಡೆಯ ಹಲಗೆಯ ತುಂಬ ಸಾಲು ಸಾಲು ಪೆಟ್ಟಿಗೆ. ಶಿರಹಟ್ಟಿ ಟಿವಿ. ಬೆಳ್ಳಟ್ಟಿ ಮೈಕು. ಮುಂಡರಗಿ ರೇಡಿಯೋ, ಒಳಗೆ ಇಲಿ. "ತಪ್ಪು ಒಗೀಬಾರ್ದು ತಂಗಿ. ಅದು ಹೊಳ್ಳಿ ಬರತೈತಿ. ಬಂದಾಗ ಗುರ್ತು ಹಿಡೀಬೇಕು" ಎಂದಿದ್ದರು ಒಮ್ಮೆ.

ನಮ್ಮ ಮನೆಯಲ್ಲಿ ಅಪ್ಪ ಹೋದ ಮೇಲೆ ಉಳಿದದ್ದು ನಾನು, ಅವ್ವ, ಹಿತ್ತಲ ಕೋಣೆಯ ಮಗ್ಗ. ಮುಂದಿನ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅದನ್ನು ದಾಟಿದರೆ ತುಳಸಿಕಟ್ಟೆಯ ಅಂಗಳ, ಅಂಗಳದ ಆಚೆ ಮಗ್ಗದ ಕೋಣೆ. ಅವ್ವ ರಾಟಿಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು, ನಾನು ನೇಯುತ್ತಿದ್ದೆ. ಒಂದು ಮುಂಜಾನೆ ರಾಟಿಯ ಮುಂದೆ ಕೂತವಳು ಹಾಗೆಯೇ ವಾಲಿದಳು. ಲಕ್ವಾ ಎಂದರು. ಎಡಭಾಗ ಪೂರ್ತಿ ಹೋಯಿತು, ಮಾತೂ ಹೋಯಿತು. ಓಣಿಯ ಆ ತುದಿಗೆ ಕೂತು ಈ ತುದಿಯವರನ್ನು ಕರೆಯುತ್ತಿದ್ದ ಬಾಯಿ ಅದು. ಬಲಗೈ ಮಾತ್ರ ಉಳಿಯಿತು.

ಪಡಸಾಲೆಯಲ್ಲಿ ಅವ್ವನ ಮಂಚ. ನಾನು ಮಗ್ಗಕ್ಕೆ ಕೂತರೆ ಲಾಳಿಯ ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ. ಕೇಳಿಸುವಂಥದ್ದನ್ನು ಮಾಡಲು ಅವಳಿಗೆ ಆಗುತ್ತಲೂ ಇರಲಿಲ್ಲ. ಹತ್ತು ಲಾಳಿಗೊಮ್ಮೆ ಕಿವಿ ಕೊಡುತ್ತಿದ್ದೆ, ಕಾಲು ಗಂಟೆಗೊಮ್ಮೆ ಎದ್ದು ಹೋಗಿ ನೋಡಿ ಬರುತ್ತಿದ್ದೆ. ದಿನಕ್ಕೆ ಒಂದು ಗೇಣು ಕೂಡ ನೇಯಲಾಗುತ್ತಿರಲಿಲ್ಲ. ಮೊದಲು ಮಂಚದಿಂದ ಮಗ್ಗದವರೆಗೆ ನೂಲಿನ ಹುರಿ ಕಟ್ಟಿ ತುದಿಗೆ ಗೆಜ್ಜೆ ಕಟ್ಟಿದೆ. ಅವ್ವ ಎಳೆದರೆ ಗೆಜ್ಜೆ ಅಲ್ಲಾಡಬೇಕು. ಬೆಕ್ಕು ಅದರ ಜೊತೆ ಆಡಲು ಕಲಿಯಿತು. ಆಮೇಲೆ ಪೇಟೆಯಿಂದ ಒಂದು ವೈರ್‌ಲೆಸ್ ಬೆಲ್ ತಂದೆ. ಅದೇ ಜಾತಿಯ ಬೆಲ್ಲು ಮೂರನೆಯ ಮನೆಯ ಬಾಗಿಲಿಗೂ ಇತ್ತು. ಅಲ್ಲಿ ಹಾಲಿನವನು ಒತ್ತಿದರೆ ನನ್ನ ಮಗ್ಗದ ಮೇಲೆ ಹಾಡು ಬರುತ್ತಿತ್ತು. ನಾನು ಓಡಿ ಹೋದರೆ ಅವ್ವ ಅರ್ಧ ಬಾಯಿಯಲ್ಲಿ ನಗುತ್ತಿದ್ದಳು.

ಕಾಕಾ ಇದನ್ನು ಎದುರಿನಿಂದ ನೋಡುತ್ತಲೇ ಇದ್ದರು. ಒಂದು ದಿನ ಬಂದು ಮಂಚದ ಪಕ್ಕ ನಿಂತು ಅವ್ವನಿಗೇ ಹೇಳಿದರು, "ವೈನಿ, ಹಾಲಿನಾವನ ಕಾಟ ತಪ್ಪಸ್ತೀನಿ. ನಿಮ್ಮದಽ ಒಂದ್ ಗಂಟಿ ಮಾಡಿಕೊಡ್ತೀನಿ. ನೀವ್ ಒತ್ತಿದ್ರಷ್ಟಽ ಆಗಬೇಕು, ಊರಾನವ್ರು ಒತ್ತಿದ್ರ ಆಗಬಾರ್ದು."

ಎರಡು ಪ್ಲಾಸ್ಟಿಕ್ ಸೋಪಿನ ಡಬ್ಬಿಗಳಲ್ಲಿ ಎರಡು ಬೋರ್ಡು ಮಾಡಿ ತಂದರು. ಒಂದು ಅವ್ವನ ಬಲಗೈಯ ಹತ್ತಿರ, ಗುಂಡಿ ಇರುವುದು. ಇನ್ನೊಂದು ನನ್ನ ಮಗ್ಗದ ಮೇಲಿನ ತೊಲೆಗೆ. ಗುಂಡಿ ಒತ್ತಿದರೆ ಅಲ್ಲಿ ಕೆಂಪು ದೀಪ ಹತ್ತಿ ಗಂಟೆ ಕಿಣಿಗುಟ್ಟಬೇಕು. ಮೇಜಿನ ಮೇಲೆ ಚೆನ್ನಾಗಿ ನಡೆದದ್ದು ನಮ್ಮ ಮನೆಯಲ್ಲಿ ನಡೆಯಲಿಲ್ಲ. ಮಂಚದ ಹತ್ತಿರ ದೀಪ ಹತ್ತುತ್ತಿತ್ತು, ದೂರ ಒಯ್ದರೆ ಇಲ್ಲ. ಕಾಕಾ ಮಗ್ಗದ ಡಬ್ಬಿ ಹಿಡಿದು ಒಂದೊಂದೇ ಹೆಜ್ಜೆ ಹಿಂದೆ ಸರಿಯುವುದು, ನಾನು ನಡುವೆ ನಿಂತು "ಒತ್ತಬೇ ಅವ್ವಾ" ಎನ್ನುವುದು, ಅವ್ವ ಒತ್ತುವುದು. ಅಡುಗೆಮನೆಯ ಬಾಗಿಲಲ್ಲಿ ದೀಪ ನಿಂತಿತು. ಕಾಕಾ ಅಲ್ಲಿ ಗೋಡೆಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು.

ಮೂರು ದಿನ ಮಧ್ಯಾಹ್ನ ಅದೇ ಕೆಲಸ. ಸೆಲ್ಲು ಬದಲಿಸಿದರು. ಗುಂಡಿಯ ಡಬ್ಬಿಯಿಂದ ಹೊರಗೆ ಬಿಟ್ಟ ತಂತಿಯನ್ನು ಅಳೆದು ಮತ್ತೆ ಕತ್ತರಿಸಿದರು. ಮಗ್ಗದ ಕಬ್ಬಿಣ ಅಡ್ಡ ಬರುತ್ತಿದೆಯೋ ಎಂದು ಅಂಗಳದಲ್ಲಿ ನಿಂತು ನೋಡಿದರು. ಟ್ಯೂಬ್‌ಲೈಟು ಆರಿಸಿದರು. ಪಕ್ಕದ ಮನೆಯ ಟಿವಿಯಿಂದ ಇರಬಹುದೆಂದು ಗೋಡೆಯ ಮೇಲಿಂದ ಕೂಗಿ, ಐದು ಮಿನಿಟು ಆರಿಸ್ರಿ ಎಂದರೆ ಆಚೆಯಿಂದ ಆ ಮನೆಯಾಕೆ, "ತಡೀರಿ ಕಾಕಾ, ಸೊಸಿ ಇನ್ನೂ ವಿಷ ಕುಡದಿಲ್ಲ, ಧಾರಾವಾಹಿ ಮುಗೀಲಿ" ಎಂದಳು. ಸೊಸೆ ವಿಷ ಕುಡಿಯುವವರೆಗೆ ಕಾಯ್ದರು. ಟಿವಿ ಆರಿದರೂ ಗೆರೆ ಮುಂದೆ ಹೋಗಲಿಲ್ಲ.

ಆ ಮೂರು ದಿನ ಅವ್ವ ಬೇರೆಯೇ ಆಗಿದ್ದಳು. ಲಕ್ವಾ ಹೊಡೆದ ಮೇಲೆ ಅವಳಿಗೆ ಯಾರೂ ಕೆಲಸ ಹೇಳಿರಲಿಲ್ಲ. ಈಗ "ವೈನಿ, ಒತ್ರಿ" "ವೈನಿ, ತಡೀರಿ" ಎಂದು ಅವಳನ್ನೇ ಕೇಳುತ್ತಿದ್ದರು. ಅವ್ವ ಹೆಬ್ಬೆರಳು ಗುಂಡಿಯ ಮೇಲಿಟ್ಟುಕೊಂಡು ಕಾಕಾನ ಮುಖವನ್ನೇ ನೋಡುತ್ತಿದ್ದಳು, ಕಂಡಿಕೆ ತುಂಬುವ ಗಳಿಗೆಯಲ್ಲಿ ರಾಟಿಯನ್ನು ನೋಡುತ್ತಿದ್ದ ಹಾಗೆ...

ಮೂರನೆಯ ದಿನ ಕಾಕಾ ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಹಳೆಯ ರೇಡಿಯೋ ಹಾಕಿಕೊಂಡು ಬಂದರು. ಮಗ್ಗದ ಡಬ್ಬಿಯ ಮುಚ್ಚಳ ತೆಗೆದು ರೇಡಿಯೋವನ್ನು ಅದರ ಹತ್ತಿರ ಹಿಡಿದು ಮೆಲ್ಲಗೆ ಮುಳ್ಳು ತಿರುಗಿಸಿದರು. ಒಂದು ಕಡೆ ಸೊಳ್ಳೆ ಕಿವಿಗೆ ಬಂದಂತೆ ಕುಂಯ್ ಎಂದಿತು. ದೂರ ಸರಿಸಿದರೆ ಸದ್ದು ಹೋಯಿತು, ಹತ್ತಿರ ತಂದರೆ ಬಂತು. ಬೋರ್ಡಿನ ಒಂದೊಂದು ಭಾಗವನ್ನೂ ಕಟ್ಟಿಗೆಯ ಕಡ್ಡಿಯಿಂದ ಮುಟ್ಟುತ್ತ ಹೋದರು. ಆ ಬೆಳ್ಳಗಿನ ತುಂಡಿಗೆ ಬೆರಳು ತಾಗಿಸಿದಾಗ ಕುಂಯ್ ಎನ್ನುವುದರ ಶ್ರುತಿ ಇಳಿಯಿತು. ಕಾಕಾ ಬೆರಳು ತೆಗೆದು, ಇಟ್ಟು, ಮತ್ತೆ ತೆಗೆದು ನಕ್ಕರು.

"ಹಾಲಿನಾವಂದೂ ಅಲ್ಲ, ಸೊಸೀದೂ ಅಲ್ಲ. ಕಳ್ಳ ಮನ್ಯಾಗಽ ಅದಾನ. ಇದು ನಿನ್ನಂಗಽ ಐತಿ ತಂಗಿ. ತನ್ನ ಮಗ್ಗ ಬಡಕೋತ ಕುಂತೈತಿ, ಅದಕ್ಕ ಅವ್ವ ಕರದದ್ದು ಕೇಳವಲ್ದು."

ಅದರ ಹೆಸರು ಕ್ರಿಸ್ಟಲ್ ಎಂದು ಹೇಳಿದರು. ಒಳಗೆ ಕಲ್ಲಿನ ತೆಳ್ಳನೆಯ ಚೂರು ಇರುತ್ತದೆ, ಕರೆಂಟು ತಾಗಿದರೆ ಒಂದೇ ಸಮ ನಡುಗುತ್ತದೆ, ಬೋರ್ಡಿನ ಉಳಿದ ಕೆಲಸವೆಲ್ಲ ಆ ನಡುಕದ ತಾಳಕ್ಕೆ ನಡೆಯುತ್ತದೆ. ಆದರೆ ಅದೇ ನಡುಕ ಸುತ್ತಲಿನ ಗಾಳಿಗೂ ಹಾರುತ್ತದೆ. ಪಕ್ಕದಲ್ಲೇ ಇರುವ ಕೇಳುವ ತಂತಿಗೆ ಅದರ ಗದ್ದಲವೇ ತುಂಬಿಕೊಂಡು, ದೂರದಿಂದ ಬರುವ ಅವ್ವನ ಸಣ್ಣ ಕರೆ ಅದರಲ್ಲಿ ಮುಳುಗಿ ಹೋಗುತ್ತದೆ.

"ಎಷ್ಟ್ ಸಲ ನಡಗತೈತ್ರಿ ಅದು?" ಎಂದೆ.

"ಒಂದ್ ಸೆಕೆಂಡಿಗೆ ಲಕ್ಷಗಟ್ಲೆ ಲಾಳಿ."

"ಅಷ್ಟ್ ನೇದ್ರ ಸೀರಿ ಎಲ್ಲ್ಯದಾವ್ರಿ?"

ಅವ್ವ ಮಂಚದ ಮೇಲಿಂದ ಗಂಟಲಲ್ಲೇ ನಕ್ಕಳು. "ಹಂಗಾರ ಅದರ ಮಗ್ಗ ನಿಲ್ಲಸ್ರಿ" ಎಂದೆ. "ಮಗ್ಗ ನಿಂತ್ರ ಉಣ್ಣೂದೇನು?" ಎಂದರು ಕಾಕಾ. "ನಿಲ್ಲಸಾಕ ಬರೂದಿಲ್ಲ. ಗದ್ದಲ ಹೊರಗ ಹೋಗದಂಗ ಮಾಡಬೇಕು."

ಅಂದು ಅವರು ಮಾಡಿದ್ದನ್ನು ನಾನು ಕಣ್ಣು ಕೀಳದೆ ನೋಡಿದೆ. ಕ್ರಿಸ್ಟಲ್ಲು ಉದ್ದ ಕಾಲಿನ ಮೇಲೆ ನಿಂತಿತ್ತು. ತೆಗೆದು, ಕಾಲು ಗಿಡ್ಡ ಮಾಡಿ, ಬೋರ್ಡಿಗೆ ಅಂಟಿಕೊಳ್ಳುವ ಹಾಗೆ ಕೂಡಿಸಿದರು. ಕೇಳುವ ತಂತಿಯನ್ನು ಅದರ ಪಕ್ಕದಿಂದ ಎಬ್ಬಿಸಿ ಇನ್ನೊಂದು ಮೂಲೆಗೆ ಹಾಕಿದರು. ಈಗ ದೀಪ ತುಳಸಿಕಟ್ಟೆಯವರೆಗೆ ಬಂತು, ಅಲ್ಲಿ ಎರಡನೆಯ ಗೆರೆ. ಆಮೇಲೆ ಕ್ರಿಸ್ಟಲ್ಲಿನ ಬೆನ್ನಿಗೆ ಕೂದಲಿನಂಥ ತಂತಿ ಬೆಸೆದು ಬೋರ್ಡಿನ ಅರ್ಥಿಂಗಿಗೆ ಕೂಡಿಸಿದರು. ಬಿಸಿ ಹೆಚ್ಚಾದರೆ ಒಳಗಿನ ಕಲ್ಲು ಸಾಯುತ್ತದೆಂದು ಕಾದ ಬೆಸುಗೆಕಡ್ಡಿಯನ್ನು ತಾಗಿಸಿ ತಟ್ಟನೆ ತೆಗೆದರು. ರಾಳದ ಹೊಗೆ ಎದ್ದಿತು. ಮೂರನೆಯ ಗೆರೆ ಮಗ್ಗದ ಕೋಣೆಯ ಹೊಸ್ತಿಲಿಗೆ. ಕೊನೆಗೆ ಹಳೆಯ ಟ್ರಾನ್ಸ್‌ಫಾರ್ಮರಿನ ತಾಮ್ರದ ಪಟ್ಟಿ ಮಡಿಸಿ ಕ್ರಿಸ್ಟಲ್ಲಿನ ಮೇಲೆ ಸಣ್ಣ ಗುಡಿಸಲಿನಂತೆ ಮುಚ್ಚಿದರು. ತೊಲೆಗೆ ಡಬ್ಬಿ ಕಟ್ಟಿ ನನ್ನನ್ನು ಮಗ್ಗಕ್ಕೆ ಕೂಡಿಸಿ, "ಹೊಡಿ ಲಾಳಿ" ಎಂದರು. ಹೊಡೆದೆ. ಆ ಸದ್ದಿನ ನಡುವೆ ಕಣ್ಣ ಮುಂದೆ ಕೆಂಪು ದೀಪ ಹತ್ತಿತು.

ಅವ್ವ ತಾನೇ ಒಂದು ಲೆಕ್ಕ ಮಾಡಿಕೊಂಡಳು. ಒಮ್ಮೆ ಒತ್ತಿದರೆ ನೀರು. ಎರಡು ಸಲ ಒತ್ತಿದರೆ ಮಗ್ಗುಲು ಬದಲಿಸಬೇಕು. ಮೂರು ಸಲ ಒತ್ತಿದರೆ ಏನೂ ಬೇಡ, ಬಂದು ಸ್ವಲ್ಪ ಕೂಡು ಎಂದರ್ಥ. ದಿನದಲ್ಲಿ ಹೆಚ್ಚು ಬರುತ್ತಿದ್ದದ್ದು ಮೂರು.

ಎದ್ದೆದ್ದು ಹೋಗಿ ನೋಡುವುದನ್ನು ನಾನು ಬಿಟ್ಟೆ. ಗಂಟೆ ಇತ್ತಲ್ಲ.

ಆ ವರ್ಷ ಖಂಡೆಪೂಜೆ ಬಂತು. ದುಡಿಯುವ ಸಾಮಾನೆಲ್ಲ ತೊಳೆದು ಪೂಜೆ ಮಾಡುವ ದಿನ. ನಮ್ಮಲ್ಲಿ ಮಗ್ಗಕ್ಕೆ, ಲಾಳಿಗೆ, ಹಣಿಗೆಗೆ, ರಾಟಿಗೆ ವಿಭೂತಿ, ಕುಂಕುಮ ಹಚ್ಚುತ್ತೇವೆ. ಚಿಕ್ಕವಳಿದ್ದಾಗ ನಾನು ಲಾಳಿ ಇಡುವ ಪೆಟ್ಟಿಗೆಗೆ ಕುಂಕುಮ ಹಚ್ಚಿ ಮುಗಿಸಿದ್ದಕ್ಕೆ ಅವ್ವ ಬೈದಿದ್ದಳು, "ದುಡಿಯೂದು ಪೆಟಗಿ ಅಲ್ಲವ್ವಾ. ದುಡಿಯೂದಕ್ಕ ಹಚ್ಚಬೇಕು." ಅದು ನನಗೆ ನೆನಪಿತ್ತು. ಈ ವರ್ಷ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿದದ್ದು ಗಂಟೆ. ಎರಡೂ ಡಬ್ಬಿಯ ಮುಚ್ಚಳ ತೆಗೆದೆ. ಸೆಲ್ಲು ಹಾಕಲು ನಾನೇ ತೆಗೆಯುತ್ತಿದ್ದೆ, ಗೊತ್ತಿತ್ತು. ಯಾವುದು ದುಡಿಯುವುದು ಎಂಬುದನ್ನೂ ಕಾಕಾ ಹೇಳಿಕೊಟ್ಟಿದ್ದರು. ಮಗ್ಗದ ಡಬ್ಬಿಯಲ್ಲಿ ತಾಮ್ರದ ಗುಡಿಸಲಿಗೆ, ಅವ್ವನ ಡಬ್ಬಿಯಲ್ಲಿದ್ದ ಅಂಥದೇ, ಆದರೆ ಮುಚ್ಚಿಗೆಯಿಲ್ಲದ ಕ್ರಿಸ್ಟಲ್ಲಿಗೆ, ನೀರಲ್ಲಿ ಕಲಸಿದ ಕುಂಕುಮ ಹಚ್ಚಿ ಕೈ ಮುಗಿದೆ. ಅವ್ವನೂ ಬಲಗೈ ಎತ್ತಿ ಹಣೆಗೆ ಮುಟ್ಟಿಸಿಕೊಂಡಳು.

ಹದಿನೈದು ದಿನ ಗಂಟೆ ಎಂದಿನಂತೆ ನಡೆಯಿತು. ದೀಪಾವಳಿಗೆ ಮುಂಚೆ ಮೋಡ ಕವಿದು ಜಿನುಗು ಮಳೆ ಹಿಡಿಯಿತು. ಗೋಡೆ, ನೂಲು, ಹಾಸಿಗೆ ಎಲ್ಲ ತಂಪು. ಒಂದು ಮಧ್ಯಾಹ್ನ ನಾನು ಸೆರಗು ನೇಯುತ್ತಿದ್ದೆ. ದೀಪ ಹತ್ತಿರಲಿಲ್ಲ. ಅವ್ವ ಮಲಗಿದ್ದಾಳೆ ಎಂದುಕೊಂಡೆ. ಎಷ್ಟು ಹೊತ್ತಾಯಿತೋ... ಹಸಿವಾಗಿ ಎದ್ದು ಬಂದಾಗ ಅವ್ವ ನೆಲದ ಮೇಲಿದ್ದಳು. ಡಬ್ಬಿ ಅವಳ ಎದೆಯ ಕೆಳಗಿತ್ತು. ಬಹಳ ಸಲ ಒತ್ತಿರಬೇಕು. ಹೆಬ್ಬೆರಳಿನ ಮೇಲೆ ಗುಂಡಿಯ ಗುರುತು ಕೆಂಪಗೆ ಮೂಡಿತ್ತು. ನಾನು ಬರದಿದ್ದಾಗ ತಾನೇ ನೀರಿನ ಚರಿಗೆಗೆ ಕೈ ಚಾಚಿದ್ದಳು. ಬಿದ್ದ ಭಾರ ಬಲಗೈಯ ಮೇಲೆ ಬಿದ್ದಿತ್ತು. ಅವಳಿಗೆ ಉಳಿದದ್ದು ಅದೊಂದೇ ಕೈ.

ಗದಗಿನ ದವಾಖಾನೆಯಲ್ಲಿ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿ ಕಳಿಸಿದರು. ಮನೆಗೆ ಬಂದಾಗ ಕಾಕಾ ಕಟ್ಟೆಯ ಮೇಲೆ ಕಾದು ಕೂತಿದ್ದರು. ಒಳಗೆ ಬಂದು ಡಬ್ಬಿ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದರು. ಕಣ್ಣಿಗೆ ಭೂತಗನ್ನಡಿ ಹಿಡಿದು ಮುಚ್ಚಳ ತೆಗೆದು ನೋಡಿದರು. ನಮ್ಮ ಕಡೆಗೆ ಬೆನ್ನು. ಬಹಳ ಹೊತ್ತು ಹಾಗೆಯೇ ನಿಂತಿದ್ದರು. ಆಮೇಲೆ ಮುಚ್ಚಳ ಹಾಕಿ ಡಬ್ಬಿಯನ್ನು ಜೇಬಿಗೆ ಇಳಿಸಿದರು.

"ನಂದಽ ತಪ್ಪು ತಂಗಿ" ಎಂದರು.

"ಬೆಸುಗಿ ಬಿಟ್ಟೈತೇನ್ರಿ?"

"ತಪ್ಪು ನಂದಽ" ಎಂದಷ್ಟೇ ಮತ್ತೆ ಹೇಳಿದರು.

ಆಗ ನಾನು ಆಡಿದ ಮಾತು ಇಲ್ಲಿ ಬರೆಯಬೇಕು. ಬರೆಯದಿದ್ದರೆ ಉಳಿದದ್ದೆಲ್ಲ ಬರೆದು ಉಪಯೋಗವಿಲ್ಲ. "ನಿಮ್ಮ ಗಂಟಿ ನಂಬಿ ಕುಂತೆ ಕಾಕಾ. ನನ್ನ ಕಿವಿ ನಂಬಿದ್ರ ನಮ್ಮವ್ವನ ಕೈ ಉಳೀತಿತ್ತು. ನಿಮಗ ಅದು ಆಟಗಿ ಸಾಮಾನು. ನಮಗ ಅದು ಜೀವ ಇತ್ತು." ಹಾಗೆಂದೆ. ಬಾಗಿಲಲ್ಲಿ ಓಣಿಯ ನಾಲ್ಕು ಮಂದಿ ನಿಂತಿದ್ದರು. ಕಾಕಾ ಕೇಳಿಸಿಕೊಂಡು, "ಖರೆ ಐತಿ" ಎಂದರು. ಚಪ್ಪಲಿ ಮೆಟ್ಟಿ ಹೋದರು.

ಓಣಿಗೆ ಅಷ್ಟು ಸಾಕಾಯಿತು. ಬೆಸುಗೆ ಬಿಟ್ಟಿತ್ತಂತೆ, ಕಾಕಾನ ಕಣ್ಣು ಹೋಗಿವೆಯಂತೆ ಎಂದು ಮಾತಾಯಿತು. ಒಬ್ಬರು ಎದುರಿಗೇ, "ಏನ್ ರೇಡಿಯೋ ಕಾಕಾ, ನಿಮ್ಮ ಗಂಟಿ ಮೌನವ್ರತ ಹಿಡದಿತ್ತಂತಲ್ಲ?" ಎಂದರು. ಅಡರಕಟ್ಟಿಯ ರೈತರೊಬ್ಬರು ಹೊಲದ ಬೋರಿನ ಮೋಟರನ್ನು ಮನೆಯಿಂದಲೇ ನಡೆಸುವ ಇಂಥದೇ ಬೋರ್ಡು ಮಾಡಲು ಹೇಳಿದ್ದರು. ಅವರು ಲಕ್ಷ್ಮೇಶ್ವರದ ಬಸ್ಸಿನಲ್ಲಿ ಬಂದು ಕಟ್ಟೆಯ ಮೇಲೆ ನಿಂತುಕೊಂಡೇ ಹೇಳಿದ್ದು ನಮ್ಮ ಮನೆಗೂ ಕೇಳಿಸಿತು, "ಬ್ಯಾಡ್ರಿ ಕಾಕಾ. ಮನುಷ್ಯಾ ಬಿದ್ದದ್ದಽ ತಿಳಸಲಿಲ್ಲಂತ, ಮೋಟರ್ ಸುಟ್ಟದ್ದು ಏನ್ ತಿಳಸೀತು?" ಕಾಕಾ "ಆತ್ರಿ" ಎಂದರು. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಅವರ ತಲೆ ಮಾತ್ರ ನನಗೆ ಕಾಣುತ್ತಿತ್ತು.

ವಾರದೊಳಗೆ ಹೊಸ ಡಬ್ಬಿ ತಂದರು. ಒಳಗೆ ಬರುವ ಮೊದಲು "ಬರಲ್ಯಾ?" ಎಂದು ಕೇಳಿದರು. ಎಂದೂ ಕೇಳದವರು. ಅವ್ವನ ಎರಡೂ ಕೈ ಈಗ ಇಲ್ಲವಾಗಿದ್ದರಿಂದ ದಿಂಬಿನ ಪಕ್ಕದಲ್ಲಿಟ್ಟು ಕೆನ್ನೆಯಿಂದ ಒತ್ತುವಂಥ ಅಗಲವಾದ ಗುಂಡಿ ಮಾಡಿದ್ದರು. ಬೋರ್ಡು ಕಾಣುತ್ತಿರಲಿಲ್ಲ, ಅದರ ಮೇಲೆ ಮೇಣ ಹೊಯ್ದು ಮುಚ್ಚಿದ್ದರು. ಸೆಲ್ಲಿಗೆ ಬೇರೆಯೇ ಬಾಗಿಲು. ಡಬ್ಬಿಯ ಮೇಲೆ ಎಂಟಾಣೆಯಷ್ಟು ಅಗಲದ ಹಿತ್ತಾಳೆಯ ತಟ್ಟೆ ಕೂಡಿಸಿ ಉಜ್ಜಿ ಹೊಳಪು ಮಾಡಿದ್ದರು.

"ಇದ್ಯಾಕ್ರಿ?" ಎಂದೆ. ಆ ವಾರ ನಾನು ಅವರೊಡನೆ ಆಡಿದ ಮಾತು ಅದೊಂದೇ.

"ಖಂಡೆಪೂಜಾಕ್ಕ. ಕುಂಕುಮ ಇಲ್ಲಿ ಹಚ್ಚು. ಇದು ಒಳತನಾ ಮುಟ್ಟತೈತಿ, ತಂತಿ ಕೂಡಿಸೀನಿ."

ಚೆಂದ ಕಾಣಲಿ ಎಂದು ಮಾಡಿದ್ದಾರೆ ಎಂದುಕೊಂಡೆ. ತಪ್ಪು ಮಾಡಿದವರು ಮೇಲೆ ಬಣ್ಣ ಹಚ್ಚುತ್ತಾರಲ್ಲ, ಹಾಗೆ ಎಂದೂ ಅಂದುಕೊಂಡೆ.

ಅವ್ವ ಅದಾದ ಮೇಲೆ ಮೂರು ವರ್ಷ ಇದ್ದಳು. ಕೈ ಕೂಡಿತು, ಮತ್ತೆ ಹೆಬ್ಬೆರಳಿನಿಂದ ಒತ್ತಿದಳು. ಆ ಡಬ್ಬಿ ಮಳೆಗಾಲದಲ್ಲಿಯೂ ಒಂದು ದಿನ ತಪ್ಪಲಿಲ್ಲ. ಕೊನೆಯ ದಿನ ಬೆಳಿಗ್ಗೆ ಮೂರು ಸಲ ದೀಪ ಹತ್ತಿತು. ಹೋಗಿ ಕೂತೆ...

ಕಾಕಾನ ಜೊತೆ ಮಾತು ನಿಧಾನಕ್ಕೆ ಮೊದಲಿನಂತಾಯಿತು. ಹಬ್ಬಕ್ಕೆ ಹೋಳಿಗೆ ಕೊಟ್ಟೆ, ಅವರ ಮನೆಯಿಂದ ಕರ್ಚಿಕಾಯಿ ಬಂತು. ಆಡಿದ ಮಾತನ್ನು ಮಾತ್ರ ನಾನು ಹಿಂದೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಬೇಕೆಂದು ಅನಿಸಲೂ ಇಲ್ಲ. ಅವರೇ ಒಪ್ಪಿದ್ದರಲ್ಲ. ಅಂಗಡಿಗೆ ಬರುವವರು ಕಡಿಮೆಯಾದರು. ಅದಕ್ಕೆ ಮೊಬೈಲು ಬಂದದ್ದೂ ಕಾರಣ ಇರಬಹುದು. ಎರಡು ವರ್ಷದ ಹಿಂದೆ ಅವರು ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ಗುರುತು ಹಿಡಿದು ಕೇಳಿದ್ದು ಒಂದೇ, "ಗಂಟಿ ನಡೀತೈತೇನು?"

"ನಡೀತೈತ್ರಿ ಕಾಕಾ" ಎಂದೆ. ಸುಳ್ಳು. ಅವ್ವ ಹೋದ ದಿನವೇ ಸೆಲ್ಲು ತೆಗೆದಿಟ್ಟಿದ್ದೆ. ಮರುವಾರ ಕಾಕಾ ತೀರಿಕೊಂಡರು.

ಈಗ ಚೀಟಿ. ಹೋದ ವಾರ ಕಾಕು ಹೋದ ಮೇಲೆ ಮಗ್ಗದ ಕೋಣೆಯ ಹೊಸ್ತಿಲ ಮೇಲೆ ಕೂತು ಬಿಡಿಸಿದೆ. ಅವರ ದುಂಡು ಅಕ್ಷರ.

"ಬೆಟಗೇರಿ. ವೈನಿಯವರ ಗಂಟೆ. ಕ್ರಿಸ್ಟಲ್ಲಿನ ಕಾಲುಗಳ ನಡುವೆ ಪೂಜೆಯ ಕುಂಕುಮ. ಅದು ತಂಪು ಹಿಡಿದು ಕ್ರಿಸ್ಟಲ್ಲಿನ ನಡುಕ ನಿಂತಿದೆ. ಕ್ರಿಸ್ಟಲ್ ಸರಿ ಇದೆ, ಬೆಸುಗೆ ಸರಿ ಇದೆ. ಪೂಜೆಗೆ ಜಾಗ ಬಿಡದೆ ಡಬ್ಬಿ ಮಾಡಿದ್ದು ನನ್ನ ತಪ್ಪು."

ಅಷ್ಟೇ. ಯಾವ ಊರು, ಯಾವ ವಸ್ತು, ಏನು ತಪ್ಪು. ಎಲ್ಲ ಚೀಟಿಗಳಂತೆಯೇ.

ಆ ದಿನ ಕಿಟಕಿಯ ಬೆಳಕಿನಲ್ಲಿ ಅವರು ಅಷ್ಟು ಹೊತ್ತು ನೋಡಿದ್ದು ನನ್ನ ಬೆರಳಿನ ಗುರುತನ್ನು. ಒಂದು ಮಾತು ಹೇಳಿದ್ದರೆ ಅವರ ಹೆಸರು ಉಳಿಯುತ್ತಿತ್ತು. ಹೇಳಿದ್ದರೆ ನಾನು ಮೂರು ವರ್ಷ ಆ ಕೈಗೆ ಎಣ್ಣೆ ತಿಕ್ಕುತ್ತ ಏನಾಗುತ್ತಿದ್ದೆನೋ... ಅವರು ಸುಳ್ಳು ಹೇಳಿ ನನ್ನನ್ನು ಉಳಿಸಿದರು ಎಂದು ಮೊದಲು ಅನಿಸಿತು. ಮತ್ತೆ ಮತ್ತೆ ಓದಿದಾಗ ಅದೂ ಅಲ್ಲ ಎನಿಸಿತು. ಅವರು ನಿಜವಾಗಿ ಹಾಗೆಯೇ ತಿಳಿದಿದ್ದರು. ನೇಕಾರರ ಮನೆಗೆ ಸಾಮಾನು ಮಾಡಿಕೊಡುವವರಿಗೆ ಕುಂಕುಮ ಎಲ್ಲಿ ಬೀಳುತ್ತದೆಂದು ಗೊತ್ತಿರಬೇಕಿತ್ತು ಎಂದು. ನಂದಽ ತಪ್ಪು ಎಂದು ಅವರು ಎರಡು ಸಲ ಹೇಳಿದ್ದರು. ನನ್ನ ಗದ್ದಲದಲ್ಲಿ ನನಗೆ ಅದು ಬೇರೆ ರೀತಿ ಕೇಳಿಸಿತ್ತು.

ಎರಡು ದಿನ ಪೆಟ್ಟಿಗೆಯನ್ನು ದೇವರ ಮುಂದೆ ಇಟ್ಟಿದ್ದೆ. ಮೂರನೆಯ ದಿನ ಎದುರುಮನೆಗೆ ಹೋದೆ. ಕಾಕುಗೆ ಓದಲು ಬರುವುದಿಲ್ಲ. "ಒಳಗ ಏನ್ ಬರದಾರವ್ವಾ?" ಎಂದರು. ಓದಿದೆ. ಓದಿ ಮುಗಿಸಿ, "ಆ ಕುಂಕುಮ ಹಚ್ಚಿದಾಕಿ ನಾನಽ, ಕಾಕು" ಎಂದೆ.

ಕಾಕು ಕುಣಿಯ ಕಡೆಗೆ ನೋಡಿದರು. ಅದರ ಮೇಲೆ ಈಗ ಜೋಳದ ಚೀಲ ಇಟ್ಟಿದ್ದಾರೆ.

"ನನಗೂ ಹೇಳಲಿಲ್ಲ ನೋಡು" ಎಂದರು. "ಆ ವರ್ಷ ನಾನೂ ಭಾಳ ಅಂದೆ ಅವರಿಗೆ. ಓಣ್ಯಾಗ ಮಾರಿ ತೋರಸದಂಗ ಮಾಡಿದ್ರಿ, ಬಿಡ್ರಿ ಈ ದಂಧೆ ಅಂದೆ. ಎಲ್ಲಾರೂ ಅಂದ್ರು, ನೀನೂ ಅಂದಿ, ನಾನೂ ಅಂದೆ."

ಹೊರಗೆ ಕಟ್ಟೆಯ ಮೇಲೆ ಎಂದಿನ ನಾಲ್ಕೈದು ಮಂದಿ ಕೂತಿದ್ದರು. ಮೌನವ್ರತದ ಮಾತಾಡಿದವರೂ ಅಲ್ಲಿದ್ದರು, ಈಗ ಅವರಿಗೂ ವಯಸ್ಸಾಗಿದೆ. ಕಾಕು ಎದ್ದು ಬಾಗಿಲನ್ನು ಪೂರ್ತಿ ತೆರೆದರು.

"ಇನ್ನೊಮ್ಮೆ ಓದವ್ವಾ" ಎಂದರು. "ಜರಾ ಜೋರಾಗಿ ಓದು. ಹೊರಗ ಕುಂತಾವ್ರಿಗೂ ಕೇಳಲಿ."

ಹೊಸ್ತಿಲಲ್ಲಿ ನಿಂತು ಓದಿದೆ. ಚೀಟಿಯಲ್ಲಿ ಇಲ್ಲದ ನನ್ನ ಮಾತನ್ನೂ ಕೊನೆಗೆ ಹೇಳಿದೆ. ಮೌನವ್ರತದ ಮಾತಾಡಿದವರು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಮನೆಗೆ ಬಂದು ಅವ್ವನ ಡಬ್ಬಿ ಹುಡುಕಿ ತೆಗೆದೆ. ಹಿತ್ತಾಳೆಯ ತಟ್ಟೆಯ ಮೇಲೆ ಮೂರು ವರ್ಷದ ಕುಂಕುಮ ಒಂದರ ಮೇಲೊಂದು ಕೂತು ಕಪ್ಪಾಗಿತ್ತು. ಹೊಸ ಸೆಲ್ಲು ಹಾಕಿದೆ, ತೊಲೆಯ ಡಬ್ಬಿಗೂ ಹಾಕಿದೆ. ಮಂಚ ಇದ್ದ ಜಾಗದಲ್ಲಿ ನಿಂತು ಮೂರು ಸಲ ಒತ್ತಿದೆ. ಅಡುಗೆಮನೆ, ಅಂಗಳ ದಾಟಿ ಮಗ್ಗದ ಮೇಲೆ ಕೆಂಪು ದೀಪ ಮೂರು ಸಲ ಹತ್ತಿ ಆರಿದ್ದು ಇಲ್ಲಿಂದಲೇ ಕಾಣಿಸಿತು. ಅಲ್ಲಿಂದ ಎದ್ದು ಬರುವವರು ಯಾರೂ ಇರಲಿಲ್ಲ.

ನಡೀತೈತ್ರಿ ಕಾಕಾ.